ಮ್ಯಾಗ್ನೆಟಿಕ್ ಕೀಬೋರ್ಡ್‌ನ ಸದ್ದು ಹಿತವಾಗಿಲ್ಲವೇ? ಸ್ವಿಚ್ ಕೊಳ್ಳುವ ಮುನ್ನ ದೋಷ ಹುಡುಕುವ ಬಗೆ

ಮ್ಯಾಗ್ನೆಟಿಕ್ ಕೀಬೋರ್ಡ್ ಕೊಂಡವರ ದೂರು ಸಾಮಾನ್ಯವಾಗಿ ಒಂದೇ ಬಗೆಯದು. ವೇಗ ಚೆನ್ನಾಗಿದೆ, ಆದರೆ ಸದ್ದು ಕಿವಿಗೆ ಹಿಡಿಸುತ್ತಿಲ್ಲ, ಬೆರಳಿಗೂ ಏನೋ ಕೊರತೆ. ಅದಕ್ಕೆ ಅವರು ಕಂಡುಕೊಳ್ಳುವ ಪರಿಹಾರವೂ ಒಂದೇ: ಇಡೀ ಕೀಬೋರ್ಡ್‌ಗೆ ಹೊಸ ಸ್ವಿಚ್ (ಪ್ರತಿ ಕೀಯ ಅಡಿಯಲ್ಲಿದ್ದು ಒತ್ತನ್ನು ಗುರುತಿಸುವ ಬಿಡಿಭಾಗ) ತರಿಸುವುದು. ಹಾಸನದಲ್ಲಿ ಡಿಟಿಪಿ ಕೆಲಸ ಮಾಡಿಕೊಂಡು, ಹಾಸನ ಮತ್ತು ಚಿಕ್ಕಮಗಳೂರಿನ ಗೆಳೆಯರ ಕೀಬೋರ್ಡ್‌ಗಳನ್ನು ಬಿಚ್ಚಿ ನೋಡುತ್ತ ಬಂದಿರುವ ನನಗೆ ಕಂಡದ್ದು ಬೇರೆ. ಕೆಟ್ಟ ಸದ್ದಿನ ಮೂಲ ಹೆಚ್ಚಿನ ಸಲ ಮೇಜಿನಲ್ಲೋ, ಸ್ಟೆಬಿಲೈಸರ್‌ನಲ್ಲೋ, ಸಡಿಲವಾದ ಸ್ಕ್ರೂವಿನಲ್ಲೋ ಇರುತ್ತದೆ. ಬೆರಳಿನ ಕಿರಿಕಿರಿಯ ಮೂಲ ಸೆಟ್ಟಿಂಗ್‌ನಲ್ಲಿರುತ್ತದೆ. ಇವನ್ನೆಲ್ಲ ನೋಡಿ ಮುಗಿಸಿದ ಮೇಲೆ ಉಳಿಯುವ ದೋಷಕ್ಕೆ ಮಾತ್ರ ಹೊಸ ಸ್ವಿಚ್ ಬೇಕು. ಅದಕ್ಕಾಗಿ ಈ ಬರಹ ಹೊರಗಿನಿಂದ ಒಳಕ್ಕೆ ಸಾಗುತ್ತದೆ, ಸ್ವಿಚ್ ಆಯ್ಕೆಯ ಮಾತು ಕೊನೆಯಲ್ಲಿ ಬರುತ್ತದೆ.

ಒಳಗೆ ಏನಿದೆ

ಸಾಮಾನ್ಯ ಮೆಕ್ಯಾನಿಕಲ್ ಸ್ವಿಚ್‌ನಲ್ಲಿ ತೆಳುವಾದ ಲೋಹದ ಪಟ್ಟಿಗಳು ಒಂದನ್ನೊಂದು ತಾಗಿದಾಗ ಅಕ್ಷರ ಮೂಡುತ್ತದೆ. ಮ್ಯಾಗ್ನೆಟಿಕ್ ಸ್ವಿಚ್‌ನಲ್ಲಿ ಆ ಪಟ್ಟಿಗಳೇ ಇಲ್ಲ. ಒತ್ತಿದಾಗ ಇಳಿಯುವ ಸ್ಟೆಮ್‌ನ ಬುಡದಲ್ಲಿ ಪುಟ್ಟದೊಂದು ಅಯಸ್ಕಾಂತ, ಅದರ ಕೆಳಗೆ ಪಿಸಿಬಿಯ (ಸರ್ಕ್ಯೂಟ್ ಬೋರ್ಡಿನ) ಮೇಲೆ ಒಂದು ಸೆನ್ಸರ್, ಇಷ್ಟೇ. ಅಯಸ್ಕಾಂತ ಹತ್ತಿರ ಬಂದಷ್ಟೂ ಸೆನ್ಸರ್‌ನ ವೋಲ್ಟೇಜ್ ಬದಲಾಗುತ್ತದೆ. ಎಷ್ಟು ಬದಲಾದಾಗ ಕೀ ಒತ್ತಿದಂತೆ ಲೆಕ್ಕ ಎಂಬುದನ್ನು ಕೀಬೋರ್ಡ್‌ನ ತಂತ್ರಾಂಶದಲ್ಲಿ ನಾವೇ ಗೊತ್ತುಮಾಡಬಹುದು. ಇದರ ಹಿಂದಿರುವುದು 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮ. ಹನಿವೆಲ್ ಕಂಪನಿ 1960ರ ದಶಕದ ಕೊನೆಯಲ್ಲೇ ಇದನ್ನು ಕೀಬೋರ್ಡ್‌ಗೆ ಅಳವಡಿಸಿತ್ತು. ಇತ್ತೀಚೆಗೆ ನೆದರ್ಲೆಂಡ್ಸ್‌ನ ವೂಟಿಂಗ್ ಕಂಪನಿಯ ಕೀಬೋರ್ಡ್‌ಗಳಿಂದಾಗಿ ಆಟಗಾರರ ನಡುವೆ ಮತ್ತೆ ಪ್ರಚಾರಕ್ಕೆ ಬಂದಿದೆ.

ಸದ್ದಿನ ದೃಷ್ಟಿಯಿಂದ ಇದರಲ್ಲಿ ಗಮನಿಸಬೇಕಾದದ್ದು ಎರಡು. ಲೋಹದ ಪಟ್ಟಿಗಳಿಲ್ಲದ ಕಾರಣ ಅವುಗಳ ಉಜ್ಜಾಟವೂ ಇಲ್ಲ. ಪ್ಲಾಸ್ಟಿಕ್ ಪ್ಲಾಸ್ಟಿಕ್‌ಗೆ ತಾಗುವ ಸದ್ದು ಮತ್ತು ಸ್ಪ್ರಿಂಗಿನ ನಾದ ಎರಡೇ ಉಳಿಯುತ್ತವೆ. ಇನ್ನೊಂದು, ಪಿಸಿಬಿಯ ಸಾಕೆಟ್‌ಗೆ ಬಿಗಿಯಾಗಿ ಇಳಿಯುವ ಲೋಹದ ಕಾಲುಗಳು ಈ ಸ್ವಿಚ್‌ಗೆ ಇರುವುದಿಲ್ಲ. ಮುಖ್ಯವಾಗಿ ಪ್ಲೇಟಿನ, ಅಂದರೆ ಪಿಸಿಬಿಯ ಮೇಲೆ ಸ್ವಿಚ್‌ಗಳನ್ನು ಕೂರಿಸುವ ಹಲಗೆಯ, ರಂಧ್ರವೇ ಅದನ್ನು ಹಿಡಿದುಕೊಂಡಿರುತ್ತದೆ. ಆ ಹಿಡಿತ ಕೂದಲೆಳೆಯಷ್ಟು ಸಡಿಲವಾದರೂ ಸದ್ದು ಕೆಡುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸುವ 8000 ಹರ್ಟ್ಜ್ ಎಂಬ, ಕೀಬೋರ್ಡ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ವರದಿ ಕೊಡುತ್ತದೆ ಎಂದು ಹೇಳುವ, ಪೋಲಿಂಗ್ ರೇಟ್‌ಗೂ ಟೈಪಿಂಗ್ ಸದ್ದಿಗೂ ಯಾವ ಸಂಬಂಧವೂ ಇಲ್ಲ.

ಮೇಜಿನಿಂದ ಆರಂಭಿಸಿ

ಮಡಿಸಿದ ಟವೆಲ್ ಅಥವಾ ಕಂಬಳಿಯ ಮೇಲೆ ಕೀಬೋರ್ಡ್ ಇಟ್ಟು ಒಂದು ಪ್ಯಾರಾ ಟೈಪ್ ಮಾಡಿ. ಡಬಡಬ ಎನ್ನುತ್ತಿದ್ದ ಸದ್ದು ಅಲ್ಲೇ ಅರ್ಧಕ್ಕೆ ಇಳಿದರೆ ದೋಷ ನಿಮ್ಮ ಮೇಜಿನದು. ಅಂಗಡಿಗಳಲ್ಲಿ ಸಿಗುವ ತೆಳು ಹಲಗೆಯ ಕಂಪ್ಯೂಟರ್ ಟೇಬಲ್‌ನಲ್ಲಿ, ಅದರಲ್ಲೂ ಎಳೆದುಕೊಳ್ಳುವ ಕೀಬೋರ್ಡ್ ಟ್ರೇಯಲ್ಲಿ, ಕೆಳಗೆ ಖಾಲಿ ಜಾಗವಿರುವುದರಿಂದ ಪ್ರತಿ ಒತ್ತೂ ಗುಂಯ್‌ಗುಡುತ್ತದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬೀಟೆ ಅಥವಾ ಹಲಸಿನ ಮರದ ದಪ್ಪ ಮೇಜು ಇನ್ನೂ ಇದ್ದರೆ ಕೀಬೋರ್ಡನ್ನು ಅದರ ಮೇಲಿಟ್ಟು ನೋಡಿ, ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಅದಿಲ್ಲದಿದ್ದರೆ ನಾಲ್ಕು ಮಿ.ಮೀ. ದಪ್ಪದ ಡೆಸ್ಕ್ ಮ್ಯಾಟ್ ಸಾಕು. ಕೀಬೋರ್ಡ್‌ನ ತಳದ ನಾಲ್ಕೂ ರಬ್ಬರ್ ಕಾಲುಗಳು ಮೇಜು ಮುಟ್ಟುತ್ತಿವೆಯೇ ಎಂದೂ ನೋಡಿ. ಮೂಲೆಗಳನ್ನು ಒತ್ತಿದಾಗ ಕೀಬೋರ್ಡ್ ಅಲ್ಲಾಡಿದರೆ ಆ ಕಟಕಟ ಎಲ್ಲ ಕೀಗಳಿಗೂ ಅಂಟಿಕೊಳ್ಳುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಜುಲೈ ತಿಂಗಳಲ್ಲಿ ಹೆಂಚಿನ ಮೇಲೆ ಮಳೆ ಸುರಿಯುವಾಗ ಸದ್ದಿನ ತೀರ್ಮಾನಕ್ಕೆ ಕೂರಬೇಡಿ. ತೆಳುವಾದ ಟಿಂಗ್ ನಾದಗಳು ಮಳೆಯಲ್ಲಿ ಮುಚ್ಚಿಹೋಗುತ್ತವೆ, ಭಾರವಾದ ಸದ್ದುಗಳು ಮಾತ್ರ ಕೇಳುತ್ತವೆ. ಮಳೆ ಹೊಳವಾದ ರಾತ್ರಿ, ಫ್ಯಾನ್ ನಿಲ್ಲಿಸಿ ಕೇಳಿ.

ಒಂದು ಕೀಯೋ, ಕೆಲವೋ, ಎಲ್ಲವೋ?

ಇಡೀ ಪತ್ತೆಕೆಲಸದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಎಲ್ಲ ಕೀಗಳನ್ನೂ ಒಂದೊಂದಾಗಿ, ಒಂದೇ ಬಲದಿಂದ, ನಿಧಾನವಾಗಿ ಒತ್ತಿ ಬಿಡಿ. ಇಳಿಯುವಾಗಿನ ಸದ್ದನ್ನೂ ಮೇಲೇಳುವಾಗಿನ ಸದ್ದನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳಿ. ಒಂದೇ ಕೀ ಬೇರೆಯಾಗಿ ಕೇಳಿದರೆ ಮೊದಲು ಅದರ ಕೀಕ್ಯಾಪ್ (ಬೆರಳು ತಾಗುವ ಮೇಲಿನ ಟೋಪಿ) ತೆಗೆದು ಪಕ್ಕದ ಕೀಯದರೊಂದಿಗೆ ಅದಲುಬದಲು ಮಾಡಿ. ಸದ್ದು ಕ್ಯಾಪಿನ ಜೊತೆ ಹೋಯಿತೇ? ಹಾಗಿದ್ದರೆ ಕ್ಯಾಪ್ ಸರಿಯಾಗಿ ಇಳಿದಿಲ್ಲ ಅಥವಾ ಸೀಳಿದೆ. ಹೋಗದಿದ್ದರೆ ಸ್ವಿಚ್ಚನ್ನೇ ಕಿತ್ತು, ಅಪರೂಪಕ್ಕೆ ಬಳಸುವ ಪಾಜ್ (Pause) ಅಥವಾ ಸ್ಕ್ರೋಲ್ ಲಾಕ್‌ನ ಸ್ವಿಚ್ಚಿನೊಂದಿಗೆ ಬದಲಿಸಿ. ಸದ್ದು ಸ್ವಿಚ್ಚಿನೊಂದಿಗೆ ಹೊರಟರೆ ಸ್ವಿಚ್ ದೋಷಿ. ಅಲ್ಲೇ ಉಳಿದರೆ ಆ ಜಾಗದ ಪ್ಲೇಟ್ ಸಡಿಲವಾಗಿದೆ, ಇಲ್ಲವೇ ಹತ್ತಿರದ ಸ್ಕ್ರೂ ಬಿಗಿಯಾಗಿಲ್ಲ. ಸ್ವಿಚ್‌ಗಳನ್ನು ಹೀಗೆ ಜಾಗ ಬದಲಿಸಿದಾಗಲೆಲ್ಲ ತಂತ್ರಾಂಶದಲ್ಲಿ ಕ್ಯಾಲಿಬ್ರೇಷನ್ (ಪ್ರತಿ ಕೀಯ ಆಳದ ಅಳತೆಯನ್ನು ಹೊಸದಾಗಿ ಗುರುತಿಸುವುದು) ಮಾಡಲು ಮರೆಯಬೇಡಿ. ಪ್ರತಿ ಅಯಸ್ಕಾಂತದ ಬಲ ತುಸು ಬೇರೆಯಾಗಿರುವುದರಿಂದ ಹಳೆಯ ಅಳತೆ ಹೊಸ ಸ್ವಿಚ್‌ಗೆ ಹೊಂದುವುದಿಲ್ಲ.

ಒಂದೇ ಕೀ ಬದಲು ಒಂದು ಗುಂಪು, ಉದಾಹರಣೆಗೆ ಮಧ್ಯದ ಸಾಲು ಮಾತ್ರ ಬೇರೆ ಸದ್ದು ಮಾಡಿದರೆ ಸ್ವಿಚ್‌ಗೆ ಕೈ ಹಾಕುವ ಅಗತ್ಯವೇ ಇಲ್ಲ. ಪ್ಲೇಟ್ ಸ್ಕ್ರೂಗಳಿಂದ ದೂರವಿರುವ ಕಡೆ ಹೆಚ್ಚು ಬಾಗುತ್ತದೆ, ಸ್ಕ್ರೂ ಹತ್ತಿರ ಗಟ್ಟಿಯಾಗಿರುತ್ತದೆ. ಸದ್ದು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಎಲ್ಲ ಕೀಗಳೂ ಒಂದೇ ಬಗೆಯಲ್ಲಿ ಕೆಟ್ಟದಾಗಿ ಕೇಳಿದರೆ ಮುಂದೆ ಹೇಳುವ ಟಿಂಗ್ ನಾದ ಮತ್ತು ಪೊಳ್ಳು ಸದ್ದಿನ ಪರೀಕ್ಷೆ ಮಾಡಿ.

ದೊಡ್ಡ ಕೀಗಳ ಲೊಡಲೊಡ

ಚಿಕ್ಕಮಗಳೂರಿನಲ್ಲಿ ಅರ್ಜಿ, ಕರಾರುಪತ್ರ ಟೈಪ್ ಮಾಡಿಕೊಡುವ ಹಿರಿಯರೊಬ್ಬರು ತಮ್ಮ ಕೀಬೋರ್ಡ್ ತಂದು ನನ್ನ ಮುಂದಿಟ್ಟರು. "ಸ್ಪೇಸ್ ಒತ್ತಿದರೆ ಅಕ್ಕಿ ಡಬ್ಬಿ ಅಲ್ಲಾಡಿಸಿದ ಹಾಗೆ ಕೇಳುತ್ತದಲ್ಲಪ್ಪ, ಸ್ವಿಚ್ ಬದಲಿಸಬೇಕೇನು?" ಎಂದು ಕೇಳಿದರು. "ಬೇಡ ಸರ್, ಮೊದಲು ತಂತಿ ನೋಡೋಣ" ಎಂದೆ. ತಂತಿಯದೇ ದೋಷವಾಗಿತ್ತು.

ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್ ಮತ್ತು ಉದ್ದನೆಯ ಶಿಫ್ಟ್ ಕೀಗಳ ಅಡಿಯಲ್ಲಿ ಸ್ಟೆಬಿಲೈಸರ್ ಇರುತ್ತದೆ. ಕೀಯ ಎರಡು ತುದಿಗಳು ಒಟ್ಟಿಗೆ ಇಳಿಯುವಂತೆ ಮಾಡುವ ಉಕ್ಕಿನ ತಂತಿ ಅದು. ತಂತಿಯ ಬಾಗಿದ ತುದಿಗಳು ಪ್ಲಾಸ್ಟಿಕ್ ತುಂಡಿನ ರಂಧ್ರದೊಳಗೆ ಕೂತಿರುತ್ತವೆ. ಅಲ್ಲಿ ಗ್ರೀಸ್ ಒಣಗಿದರೆ ಅಥವಾ ಕಾರ್ಖಾನೆಯಲ್ಲೇ ಹಾಕದಿದ್ದರೆ ಲೋಹ ಪ್ಲಾಸ್ಟಿಕ್‌ಗೆ ಬಡಿಯುತ್ತದೆ. ಸ್ಪೇಸ್ ಬಾರ್‌ನ ಎಡ ತುದಿಯನ್ನು ಒಂದೇ ಬೆರಳಿನಿಂದ ಮೆಲ್ಲಗೆ ಒತ್ತಿ, ಆಮೇಲೆ ಬಲ ತುದಿಯನ್ನು ಒತ್ತಿ. ಯಾವ ತುದಿ ಗಲಗಲ ಎನ್ನುತ್ತದೋ ಆ ತುದಿಗೆ ಮಾತ್ರ ಚಿಕಿತ್ಸೆ ಸಾಕಾಗಬಹುದು.

ಕ್ಯಾಪ್ ತೆಗೆದು, ಸೂಜಿಯಿಲ್ಲದ ಸಿರಿಂಜ್ ಅಥವಾ ಸಣ್ಣ ಬ್ರಷ್‌ನಿಂದ ತಂತಿ ಒಳಸೇರುವ ಜಾಗಕ್ಕೆ ದಪ್ಪನೆಯ ಡೈಎಲೆಕ್ಟ್ರಿಕ್ ಗ್ರೀಸ್ ಹಾಕಿ, ಕೀಯನ್ನು ಹತ್ತಾರು ಸಲ ಒತ್ತಿ. ಸದ್ದು ಹೋಗದಿದ್ದರೆ ತಂತಿಯನ್ನು ಪೂರ್ತಿ ಹೊರತೆಗೆದು ಕನ್ನಡಿಯ ಮೇಲೆ ಮಲಗಿಸಿ. ಒಂದು ತುದಿ ಮೇಲಕ್ಕೆದ್ದು ನಿಂತರೆ ತಂತಿ ಸೊಟ್ಟಗಿದೆ. ಇಕ್ಕಳದಿಂದ ಬಹಳ ಹಗುರವಾಗಿ ತಿರುಚಿ ಎರಡೂ ತುದಿ ಕನ್ನಡಿಗೆ ತಾಗುವಂತೆ ಮಾಡಿ. ಕೀಬೋರ್ಡ್‌ನ ಸದ್ದಿನಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ದೊಡ್ಡ ಸುಧಾರಣೆ ಕೊಡುವ ಕೆಲಸ ಬೇರೊಂದಿಲ್ಲ.

ಗ್ರೀಸ್ ಸಿಗಲಿಲ್ಲವೆಂದು ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ದಯವಿಟ್ಟು ಹಚ್ಚಬೇಡಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಕೀಗಳು ಕೆಸರಿನಲ್ಲಿ ಸಿಕ್ಕಂತೆ ನಿಧಾನವಾಗುತ್ತವೆ, ಧೂಳೂ ಅಂಟುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೂ ಬೇಡ. ಖನಿಜ ತೈಲ ಪಾಲಿಕಾರ್ಬೊನೇಟ್‌ನಂಥ ಪ್ಲಾಸ್ಟಿಕ್‌ನಲ್ಲಿ ಬಿರುಕು ತರಬಲ್ಲದು.

ಟಿಂಗ್ ಎಂದು ಎಳೆಯುವ ನಾದ

ಕೀ ಬಿಟ್ಟ ಮೇಲೂ ಲೋಹದ ನಾದ ಒಂದು ಕ್ಷಣ ಉಳಿದರೆ ಮೂಲ ಎರಡು ಕಡೆ ಇರಬಹುದು: ಸ್ಪ್ರಿಂಗ್, ಇಲ್ಲವೇ ಅಲ್ಯೂಮಿನಿಯಂ ಕವಚ. ಕೀಬೋರ್ಡ್‌ನ ಎರಡೂ ಅಂಚನ್ನು ಎಡಗೈ ಮತ್ತು ಮೊಣಕೈಯಿಂದ ಬಿಗಿಯಾಗಿ ಒತ್ತಿಹಿಡಿದು ಬಲಗೈಯಿಂದ ಒತ್ತಿ ನೋಡಿ. ನಾದ ನಿಂತರೆ ಕವಚ ಕಂಪಿಸುತ್ತಿದೆ. ಮೇಲಿನ ಮತ್ತು ಕೆಳಗಿನ ಕವಚ ಕೂಡುವ ಅಂಚುಗಳಲ್ಲಿ ತೆಳುವಾದ ಟೇಪಿನ ನಾಲ್ಕೈದು ಚೂರು ಅಂಟಿಸಿ ಸ್ಕ್ರೂ ಹಾಕಿದರೆ ಲೋಹ ಲೋಹಕ್ಕೆ ನೇರವಾಗಿ ತಾಗುವುದಿಲ್ಲ, ನಾದವೂ ಅಡಗುತ್ತದೆ.

ನಾದ ನಿಲ್ಲದಿದ್ದರೆ ಒಂದು ಸ್ವಿಚ್ ಕಿತ್ತು ಕಿವಿಯ ಹತ್ತಿರ ಹಿಡಿದು ಒತ್ತಿ. ಅಲ್ಲೂ ಟಿಂಗ್ ಕೇಳಿದರೆ ಸ್ಪ್ರಿಂಗ್ ಒಣಗಿದೆ ಎಂದು ಖಚಿತ. ಸ್ಪ್ರಿಂಗ್‌ಗಳನ್ನೆಲ್ಲ ಬಿಚ್ಚಿ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕ್ರೈಟಾಕ್ಸ್ 105ರಂಥ ತೆಳು ಎಣ್ಣೆಯ ಕೆಲವು ಹನಿ ಬಿಟ್ಟು, ಚೀಲ ಊದಿಸಿ ಕುಲುಕಿದರೆ ಎಲ್ಲಕ್ಕೂ ಸಮನಾಗಿ ಹತ್ತುತ್ತದೆ. ಸ್ಟೆಮ್‌ನ ಬದಿಗಳಿಗೆ ಕ್ರೈಟಾಕ್ಸ್ 205ಜಿ0 ಗ್ರೀಸನ್ನು ಬ್ರಷ್ ಒರೆಸಿಕೊಂಡು ಹಚ್ಚಿ. ಪ್ಲಾಸ್ಟಿಕ್‌ನ ಬಣ್ಣ ಮಸುಕಾದಂತೆ ಕಂಡರೆ ಸಾಕು, ಬಿಳಿಯಾಗಿ ಕಾಣಬಾರದು. ಹೆಚ್ಚಾದರೆ ಕೀ ಮೇಲೇಳುವುದು ಸೋಮಾರಿಯಾಗುತ್ತದೆ. ಕಾರ್ಖಾನೆಯಲ್ಲೇ ಚೆನ್ನಾಗಿ ಗ್ರೀಸ್ ಹಾಕಿ ಬಂದ ಸ್ವಿಚ್ಚನ್ನು ಸುಮ್ಮನೆ ಬಿಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಪೊಳ್ಳು ಸದ್ದು

ಮೇಜು ಸರಿ ಇದ್ದೂ ಒಳಗೆ ಖಾಲಿ ಎಂಬಂತೆ ಕೇಳಿದರೆ ಕವಚದ ತಳದಲ್ಲಿ ತೆಳುವಾದ ಒಂದು ಪದರ ಪೋರಾನ್ ಅಥವಾ ಇವಿಎ ಫೋಮ್ ಹಾಸಿ. ಪಿಸಿಬಿಯ ಹಿಂಭಾಗಕ್ಕೆ ಟೇಪ್ ಅಂಟಿಸುವವರು ಕಾಗದದ ಮಾಸ್ಕಿಂಗ್ ಟೇಪನ್ನೇ ಬಳಸಬೇಕು, ಅಲ್ಯೂಮಿನಿಯಂ ಫಾಯಿಲ್ ವಿದ್ಯುತ್ ಹರಿಸುತ್ತದೆ. ಹತ್ತಿ ತುಂಬಬೇಡಿ. ಸಕಲೇಶಪುರ, ಮೂಡಿಗೆರೆಯಂಥ ಕಡೆ ಮಳೆಗಾಲದಲ್ಲಿ ಹತ್ತಿ ತೇವ ಹೀರಿಕೊಂಡು ಪಿಸಿಬಿಗೆ ಅಂಟಿ ಕೂರುತ್ತದೆ. ಫೋಮ್ ಕೂಡ ಮಿತಿಯಲ್ಲಿರಲಿ. ಇದ್ದಬದ್ದ ಜಾಗವನ್ನೆಲ್ಲ ತುಂಬಿ ಸದ್ದನ್ನು ಸಾಯಿಸಿದ ಕೀಬೋರ್ಡ್‌ನಲ್ಲಿ ದಿನವಿಡೀ ಕೆಲಸ ಮಾಡಿದರೆ ಬೆರಳಿಗೆ ಉತ್ತರವೇ ಸಿಗುವುದಿಲ್ಲ.

ಬೆರಳಿನ ಕಿರಿಕಿರಿ ಮತ್ತು ಕನ್ನಡ ಟೈಪಿಂಗ್

ಆಟಗಾರರಿಗಾಗಿ ಹೊಂದಿಸಿದ ಸೆಟ್ಟಿಂಗ್ ಕನ್ನಡ ಬೆರಳಚ್ಚಿಗೆ ಶತ್ರು. ಹೆಚ್ಚಿನ ಮ್ಯಾಗ್ನೆಟಿಕ್ ಕೀಬೋರ್ಡ್‌ಗಳಲ್ಲಿ ಕೀ ಎಷ್ಟು ಆಳಕ್ಕೆ ಇಳಿದಾಗ ಅಕ್ಷರ ಮೂಡಬೇಕು ಎಂಬುದನ್ನು 0.1 ಮಿ.ಮೀ.ನಿಂದ ಹಿಡಿದು ಹೆಚ್ಚುಕಡಿಮೆ ಪೂರ್ತಿ ಆಳದವರೆಗೆ ಹೊಂದಿಸಬಹುದು. ಆಟಕ್ಕೆಂದು ಇದನ್ನು 0.1 ಅಥವಾ 0.2ಕ್ಕೆ ಇಟ್ಟವರು ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯಲ್ಲಿ ಪತ್ರ ಟೈಪ್ ಮಾಡಲು ಕುಳಿತರೆ ಏನಾಗುತ್ತದೆ?

ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ತರುವ ಹಲಂತ ಇರುವುದು ಎಫ್ ಕೀಯಲ್ಲಿ. ಎಡಗೈಯ ತೋರುಬೆರಳು ವಿಶ್ರಮಿಸುವ ಕೀ ಕೂಡ ಅದೇ. ಬೆರಳಿನ ಭಾರಕ್ಕೆ ಅದು ಒಂದಿಷ್ಟು ತಗ್ಗಿದರೂ ಹಲಂತ ನುಸುಳಿ 'ಕಮಲ' ಹೋಗಿ 'ಕ್ಮಲ' ಆಗುತ್ತದೆ. ಮಹಾಪ್ರಾಣಗಳಿಗೂ ದೀರ್ಘಗಳಿಗೂ ಣ, ಳ ಅಕ್ಷರಗಳಿಗೂ ಶಿಫ್ಟ್ ಬೇಕು. 'ಚಿಕ್ಕಮಗಳೂರು' ಎಂದು ಬರೆಯಲು ಒಂದು ಎಫ್ ಮತ್ತು ಎರಡು ಶಿಫ್ಟ್ ಒತ್ತು ಬೇಕು: ಒಂದು ಳಕಾರಕ್ಕೆ, ಇನ್ನೊಂದು ದೀರ್ಘಕ್ಕೆ. ಎಫ್ ತಪ್ಪಿದರೆ 'ಚಿಕಕಮಗಳೂರು', ಮೊದಲ ಶಿಫ್ಟ್ ಜಾರಿದರೆ 'ಚಿಕ್ಕಮಗಲೂರು', ಎರಡನೆಯದು ಜಾರಿದರೆ 'ಚಿಕ್ಕಮಗಳುರು'. ಇಂಥ ತಪ್ಪುಗಳು ಒಂದೇ ಸಮನೆ ಬರುತ್ತಿದ್ದರೆ ನಿಮ್ಮ ಬೆರಳನ್ನು ಬೈಯಬೇಡಿ, ಸ್ವಿಚ್ಚನ್ನೂ ಬೈಯಬೇಡಿ, ರ್‍ಯಾಪಿಡ್ ಟ್ರಿಗರ್ ಚಾಲೂ ಇದೆಯೇ ನೋಡಿ. ಈ ಸೌಲಭ್ಯ ಚಾಲೂ ಇದ್ದರೆ ಕೀ ಕಾಲು ಮಿ.ಮೀ.ನಷ್ಟು ಮೇಲೆದ್ದರೂ ಬಿಟ್ಟಂತೆ ಲೆಕ್ಕ. ಕಿರುಬೆರಳು ಶಿಫ್ಟ್ ಮೇಲೆ ತುಸು ಸಡಿಲವಾದರೆ ಸಾಕು, ಳ ಹೋಗಿ ಲ ಆಗುತ್ತದೆ. ಬೆರಳು ತುಸು ನಡುಗಿದರೆ ಒಂದೇ ಅಕ್ಷರ ಎರಡು ಸಲ ಬೀಳುತ್ತದೆ.

ಟೈಪಿಂಗ್‌ಗೆಂದೇ ಪ್ರತ್ಯೇಕ ಪ್ರೊಫೈಲ್ ಮಾಡಿ ರ್‍ಯಾಪಿಡ್ ಟ್ರಿಗರ್ ನಿಲ್ಲಿಸಿ. ಎಲ್ಲ ಕೀಗಳ ಆಳವನ್ನು 1.5 ಮಿ.ಮೀ.ಗೆ ಇಡಿ. ಮೆಕ್ಯಾನಿಕಲ್ ಕೀಬೋರ್ಡ್ ರೂಢಿಯಾದವರಿಗೆ 2 ಮಿ.ಮೀ. ಹೆಚ್ಚು ಒಗ್ಗುತ್ತದೆ. ಪ್ರತಿ ಕೀಗೂ ಬೇರೆ ಆಳ ಕೊಡುವ ಅವಕಾಶವಿದ್ದರೆ ಎಫ್ ಅನ್ನು ಉಳಿದವಕ್ಕಿಂತ ತುಸು ಆಳಕ್ಕೆ, ಶಿಫ್ಟ್ ಅನ್ನು ತುಸು ಮೇಲಕ್ಕೆ ಇಡಿ. ಆಗ ಹಲಂತ ತಾನಾಗಿ ಬೀಳುವುದಿಲ್ಲ, ಶಿಫ್ಟ್ ಕೈಕೊಡುವುದೂ ಇಲ್ಲ. ನನ್ನ ಮೇಜಿನ ಕೀಬೋರ್ಡ್ ಇರುವುದೂ ಹೀಗೆಯೇ.

ಬೆಳಿಗ್ಗೆ ಒಂದು ಬಗೆ, ಮಧ್ಯಾಹ್ನ ಇನ್ನೊಂದು ಬಗೆ

ನಿಯೊಡೈಮಿಯಂ ಅಯಸ್ಕಾಂತದ ಬಲ ಉಷ್ಣತೆ ಒಂದು ಡಿಗ್ರಿ ಏರಿದಂತೆ ಸುಮಾರು ಶೇಕಡಾ 0.1ರಷ್ಟು ಇಳಿಯುತ್ತದೆ. ಆಳ 2 ಮಿ.ಮೀ. ಇದ್ದರೆ ಇದು ಗಮನಕ್ಕೇ ಬರುವುದಿಲ್ಲ, 0.1ಕ್ಕೆ ಇಟ್ಟಿದ್ದರೆ ಬರಬಹುದು. ಋತು ಬದಲಾದಾಗ ಒಮ್ಮೆ ಕ್ಯಾಲಿಬ್ರೇಷನ್ ಮಾಡಿ. ಅಯಸ್ಕಾಂತವಿರುವ ಮೊಬೈಲ್ ಸ್ಟ್ಯಾಂಡ್, ಇಯರ್‌ಫೋನ್ ಡಬ್ಬಿ, ಸ್ಪೀಕರ್‌ಗಳನ್ನು ಕೀಬೋರ್ಡ್‌ಗೆ ಒತ್ತಿಕೊಂಡು ಇಡಬೇಡಿ.

ಈಗ ಸ್ವಿಚ್ ಆಯ್ಕೆ

ಇಷ್ಟೆಲ್ಲ ಆದ ಮೇಲೂ ಸದ್ದು ಒಪ್ಪಿಗೆಯಾಗದಿದ್ದರೆ ದೋಷವೆನ್ನುವುದಕ್ಕಿಂತ ಅದು ರುಚಿಯ ಪ್ರಶ್ನೆ, ಸ್ವಿಚ್ ಬದಲಿಸಲು ಇದು ಸರಿಯಾದ ಕಾರಣ.

ಮೊದಲು ನೋಡಬೇಕಾದದ್ದು ಹೊಂದಾಣಿಕೆ. ಮೆಕ್ಯಾನಿಕಲ್ ಸ್ವಿಚ್ ಮ್ಯಾಗ್ನೆಟಿಕ್ ಕೀಬೋರ್ಡ್‌ನಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಎಲ್ಲ ಮ್ಯಾಗ್ನೆಟಿಕ್ ಸ್ವಿಚ್‌ಗಳೂ ಎಲ್ಲ ಮ್ಯಾಗ್ನೆಟಿಕ್ ಕೀಬೋರ್ಡ್‌ಗಳಿಗೂ ಒಗ್ಗುವುದಿಲ್ಲ. ಅಯಸ್ಕಾಂತದ ಯಾವ ಧ್ರುವ ಕೆಳಮುಖವಾಗಿದೆ, ಅದರ ಬಲ ಎಷ್ಟು ಎಂಬುದು ತಯಾರಿಕೆಯಿಂದ ತಯಾರಿಕೆಗೆ ಬೇರೆ. ಧ್ರುವ ತಿರುಗಿದ್ದರೆ ಕೀ ಒತ್ತಿದರೂ ಅಕ್ಷರ ಬರುವುದಿಲ್ಲ ಅಥವಾ ವಿಚಿತ್ರವಾಗಿ ವರ್ತಿಸುತ್ತದೆ. ಕೀಬೋರ್ಡ್ ತಯಾರಕರು ಕೊಟ್ಟ ಹೊಂದುವ ಸ್ವಿಚ್‌ಗಳ ಪಟ್ಟಿಯನ್ನು ನೋಡದೆ ಹಣ ಕೊಡಬೇಡಿ. ಈಗಾಗಲೇ ಕೈಯಲ್ಲಿರುವ ಸ್ವಿಚ್ಚನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಳೆಯ ಸ್ವಿಚ್ಚಿನದೊಂದು, ಹೊಸದರದೊಂದು ಸ್ಟೆಮ್ ಬಿಚ್ಚಿ, ಎರಡರ ಬುಡವನ್ನೂ ಎದುರುಬದುರು ತನ್ನಿ. ಒಂದನ್ನೊಂದು ತಳ್ಳಿದರೆ ಎರಡರಲ್ಲೂ ಒಂದೇ ಧ್ರುವ ಕೆಳಗಿದೆ. ಸೆಳೆದುಕೊಂಡರೆ ಹೊಸದರ ಧ್ರುವ ತಿರುಗಿದೆ, ಅದು ನಿಮ್ಮ ಕೀಬೋರ್ಡ್‌ಗೆ ಆಗುವುದಿಲ್ಲ.

ಸದ್ದಿನ ವಿಷಯದಲ್ಲಿ ನಾನು ಹೆಚ್ಚು ತೂಕ ಕೊಡುವುದು ತಳಕ್ಕೆ. ಕೆಲವು ಸ್ವಿಚ್‌ಗಳ ತಳ ತೆರೆದಿರುತ್ತದೆ, ಕೆಲವದು ಪೂರ್ತಿ ಮುಚ್ಚಿರುತ್ತದೆ. ಗೇಟೆರಾನ್‌ನ ಮ್ಯಾಗ್ನೆಟಿಕ್ ಜೇಡ್ ಮುಚ್ಚಿದ ತಳದ ಹೆಸರಾಂತ ಉದಾಹರಣೆ. ಮುಚ್ಚಿದ ತಳದ ಸ್ವಿಚ್ ತುಂಬಿದ, ಗಟ್ಟಿಯಾದ ಟಕ್ ಸದ್ದು ಕೊಡುತ್ತದೆ, ತಳದಿಂದ ಧೂಳೂ ಒಳಗೆ ಹೋಗುವುದಿಲ್ಲ. ಹೌಸಿಂಗ್ (ಸ್ವಿಚ್ಚಿನ ಹೊರಕವಚ) ನೈಲಾನಿನದಾದರೆ ಸದ್ದು ತಗ್ಗಿ ಮೃದುವಾಗುತ್ತದೆ, ಪಾಲಿಕಾರ್ಬೊನೇಟ್ ಆದರೆ ಸ್ವರ ಏರಿ ಚುರುಕಾಗುತ್ತದೆ. ಸ್ಟೆಮ್ ಪಿಒಎಂ ಪ್ಲಾಸ್ಟಿಕ್‌ನದಾದರೆ ಜಾರುವಿಕೆ ಚೆನ್ನ. ಸ್ಟೆಮ್‌ನ ನಡುಗಂಬ ಉದ್ದವಿದ್ದು ತಳಕ್ಕೆ ಮೊದಲು ಬಡಿಯುವ ವಿನ್ಯಾಸದಲ್ಲಿ ಒತ್ತುವ ದೂರ 4 ಮಿ.ಮೀ. ಬದಲು 3.5ರ ಆಸುಪಾಸಿಗೆ ಇಳಿಯುತ್ತದೆ. ಸದ್ದು ಸ್ಪಷ್ಟವಾಗಿ, ಜೋರಾಗಿ ಕೇಳುತ್ತದೆ. ನಾಲ್ಕು ಜನ ಒಟ್ಟಿಗೆ ಕುಳಿತು ಕೆಲಸ ಮಾಡುವ ಕಚೇರಿಗೆ ಇದು ಬೇಡ.

ಸ್ಪ್ರಿಂಗ್ ಆರಿಸುವಾಗ ನಿಮ್ಮ ಕೈಯನ್ನೇ ಕೇಳಿ. ಮ್ಯಾಗ್ನೆಟಿಕ್ ಸ್ವಿಚ್‌ಗಳಲ್ಲಿ ಒತ್ತುವ ಬಲ 30 ಗ್ರಾಂ ಸುತ್ತಮುತ್ತ ಆರಂಭವಾಗಿ ತಳ ಮುಟ್ಟುವಾಗ 50ರ ಸುಮಾರಿಗೆ ಏರುವುದು ಸಾಮಾನ್ಯ. ಹಳೆಯ ಟೈಪ್‌ರೈಟರ್‌ನಲ್ಲಿ ಕಲಿತು ಜೋರಾಗಿ ಒತ್ತುವವರಿಗೆ ಇದು ತೀರಾ ಹಗುರ. ಅವರು ತುಸು ಭಾರದ ಸ್ಪ್ರಿಂಗ್ ತೆಗೆದುಕೊಂಡರೆ ಪ್ರತಿ ಒತ್ತೂ ತಳಕ್ಕೆ ಅಪ್ಪಳಿಸುವುದು ತಪ್ಪಿ ಸದ್ದು ತಾನಾಗಿ ತಗ್ಗುತ್ತದೆ. ಹೆಚ್ಚಿನ ಮ್ಯಾಗ್ನೆಟಿಕ್ ಸ್ವಿಚ್‌ಗಳು ನಡುವೆ ತಡೆಯಿಲ್ಲದ ಲೀನಿಯರ್ ಬಗೆಯವು ಎಂಬುದೂ ನೆನಪಿರಲಿ. ಮಧ್ಯದಲ್ಲಿ ಉಬ್ಬು ಸಿಕ್ಕ ಅನುಭವ ಬೇಕೇ ಬೇಕು ಎನ್ನುವವರಿಗೆ ಆಯ್ಕೆ ಕಡಿಮೆ. ಅವರಿಗೆ ಮೆಕ್ಯಾನಿಕಲ್ ಕೀಬೋರ್ಡೇ ವಾಸಿ ಎಂದು ನೇರವಾಗಿ ಹೇಳಿಬಿಡುತ್ತೇನೆ.

ಕೀಕ್ಯಾಪ್ ಬದಲಿಸಿ ನೋಡಿದ ಮೇಲೆಯೇ ಪೂರ್ತಿ ಸೆಟ್ ತರಿಸಿ. ತೆಳು ಎಬಿಎಸ್ ಪ್ಲಾಸ್ಟಿಕ್ ಕ್ಯಾಪ್ ತೆಗೆದು ದಪ್ಪ ಪಿಬಿಟಿ ಪ್ಲಾಸ್ಟಿಕ್ ಕ್ಯಾಪ್ ಹಾಕಿದರೆ ಅದೇ ಸ್ವಿಚ್ ಒಂದು ಸ್ವರ ಕೆಳಗಿಳಿದಂತೆ ಕೇಳುತ್ತದೆ. ಸ್ವಿಚ್ಚನ್ನೇ ಬದಲಿಸುವುದಾದರೆ ಮೊದಲು ಹತ್ತು ತರಿಸಿ, ಮಧ್ಯದ ಸಾಲಿನ ಕೀಗಳಿಗೆ ಹಾಕಿ, ಒಂದು ವಾರ ನಿಮ್ಮ ನಿತ್ಯದ ಕೆಲಸವನ್ನೇ ಮಾಡಿ. ಸ್ವಿಚ್ಚನ್ನು ಬೆರಳ ನಡುವೆ ಹಿಡಿದು ಒತ್ತಿದಾಗ ಕೇಳುವ ಸದ್ದಿಗೂ ಪ್ಲೇಟಿನಲ್ಲಿ ಕುಳಿತ ಮೇಲೆ ಕೇಳುವ ಸದ್ದಿಗೂ ಬಹಳ ಅಂತರವಿದೆ.

ಕೂರಿಸುವಾಗ ಸ್ವಿಚ್ಚನ್ನು ಓರೆಯಾಗಿ ತಳ್ಳದೆ ನೇರವಾಗಿ ಒತ್ತಿ. ಎರಡೂ ಬದಿಯ ಕೊಕ್ಕೆ ಕಚ್ಚಿಕೊಂಡ ಸದ್ದು ಕೇಳಬೇಕು. ಒಂದು ಬದಿ ಮೇಲೆ ನಿಂತರೆ ಅಯಸ್ಕಾಂತ ಮತ್ತು ಸೆನ್ಸರ್ ನಡುವಿನ ದೂರ ತಪ್ಪಿ ಆ ಕೀಯ ಆಳದ ಲೆಕ್ಕವೂ ತಪ್ಪುತ್ತದೆ. ಎಲ್ಲ ಕೂರಿಸಿದ ಮೇಲೆ ಕ್ಯಾಲಿಬ್ರೇಷನ್ ಮಾಡಿ, ತಂತ್ರಾಂಶದ ಪರದೆಯಲ್ಲಿ ಪ್ರತಿ ಕೀಯನ್ನೂ ತಳದವರೆಗೆ ಒತ್ತಿ, ಅದು ತೋರಿಸುವ ಆಳ ಸೊನ್ನೆಯಿಂದ ಪೂರ್ತಿಗೆ ಏರಿ ಮತ್ತೆ ಸೊನ್ನೆಗೆ ಮರಳುತ್ತದೆಯೇ ನೋಡಿ. ಯಾವುದಾದರೂ ಕೀ ಸೊನ್ನೆಗೆ ಬಾರದಿದ್ದರೆ ಆ ಸ್ವಿಚ್ಚನ್ನು ಕಿತ್ತು ಮತ್ತೊಮ್ಮೆ ಕೂರಿಸಿ. ಆಗಲೂ ಬಾರದಿದ್ದರೆ ಬೇರೊಂದು ಸ್ವಿಚ್ ಹಾಕಿ ನೋಡಿ. ಇದಕ್ಕಾಗಿಯೇ ಲೆಕ್ಕಕ್ಕಿಂತ ನಾಲ್ಕೈದು ಸ್ವಿಚ್ ಹೆಚ್ಚಿಗೆ ತರಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ.